ಕಾರಿನ ಫ್ರಿಜ್: ಬ್ಯಾಟರಿ ಉಳಿಸುವ ರಿಪೇರಿ

ಕಾರಿಗೆಂದು ಸಿಗುವ ಅಗ್ಗದ ಕೂಲರ್ ಬಾಕ್ಸ್‌ಗಳಲ್ಲಿ ಹೆಚ್ಚಿನವು ಪೆಲ್ಟಿಯರ್ ಬಿಲ್ಲೆಯವು. ಬಿಡುವಿಲ್ಲದೆ 4 ಆಂಪಿಯರ್ ಎಳೆದರೆ, 10 ಗಂಟೆಗೆ 40 ಆಂಪಿಯರ್-ಅವರ್ ಖಾಲಿ!

ಕಂಪ್ರೆಸರ್ ಫ್ರಿಜ್ ಹಾಗಲ್ಲ. ತಣ್ಣಗಾದೊಡನೆ ತಾನೇ ನಿಲ್ಲುತ್ತದೆ.

ಅದರಲ್ಲೂ ಉಳಿತಾಯಕ್ಕೆ ದಾರಿಯಿದೆ. ಡ್ಯಾನ್‌ಫಾಸ್ ಹೆಸರಿನಲ್ಲಿ ಬಂದು ಈಗ ಸೆಕಾಪ್ ಆಗಿರುವ ಬಿಡಿ35ಎಫ್ ಕಂಪ್ರೆಸರ್‌ನ ವೇಗ ನಿರ್ಧರಿಸುವುದು ಥರ್ಮೋಸ್ಟಾಟ್ ವೈರಿಗೆ ಸೇರಿಸಿದ ಪುಟ್ಟ ರೆಸಿಸ್ಟರ್. 1523 ಓಮ್ ಇದ್ದರೆ ನಿಮಿಷಕ್ಕೆ 3500 ಸುತ್ತು. 277 ಓಮ್‌ಗೆ 2500. ಸುತ್ತು ಇಳಿದರೆ ಕರೆಂಟೂ ಇಳಿಯುತ್ತದೆ. ಬಿರುಬೇಸಿಗೆಯಲ್ಲಿ ಮಾತ್ರ ತಂಪು ಸಾಲದೆ ಹೋಗಬಹುದು.

ಇನ್ನು ಹೊದಿಕೆ. ಮುಚ್ಚಳಕ್ಕೆ, ಬದಿಗಳಿಗೆ ಫೋಮ್ ಶೀಟ್ ಅಂಟಿಸಿದರೆ ಶಾಖ ಒಳನುಗ್ಗುವುದು ತಗ್ಗುತ್ತದೆ. ಕಂಡೆನ್ಸರ್ ಫ್ಯಾನಿನ ಜಾಲರಿ ಮುಚ್ಚುವಂತಿಲ್ಲ. ಓಡುವಾಗ ಬದಿಯೇ ಬಿಸಿಯಾಗುವ ಮಾದರಿಗೆ ಅಲ್ಲಿ ಫೋಮ್ ಬೇಡ.

ಕೊನೆಗೆ ವೈರ್: ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ನಡುವೆ ಫ್ಯೂಸ್. ವೋಲ್ಟೇಜ್ ಕುಸಿದು ಫ್ರಿಜ್ ಪದೇ ಪದೇ ಆಫ್ ಆಗುವುದು ತಪ್ಪುತ್ತದೆ.