ನೀಲಿ ಗಿಡ, ಕರಿ ಕಂಬಳಿ

ಚಳ್ಳಕೆರೆ ಸೀಮೆಯ ಕರಿ ಕಂಬಳಿಗೆ ಬಣ್ಣಗಾರರ ಹಂಗಿಲ್ಲ. ಉಳ್ಳಾರ್ತಿ ಕಾವಲ್‌ನಂಥ ಹುಲ್ಲುಗಾವಲು ಮೇಯುವ ಕರಿ ಕುರಿಯ ಉಣ್ಣೆ ಹುಟ್ಟಾ ಕಪ್ಪು. ನೂತು, ಹುಣಸೆ ಬೀಜದ ಗಂಜಿ ಹಾಕಿ, ಮಗ್ಗಕ್ಕೇರಿಸಿದರೆ ಆಯಿತು. ಪೇಚಾಟವೆಲ್ಲ ಹತ್ತಿಯದು. ಬಿಳಿ ನೂಲಿಗೆ ಒಗೆದರೂ ಬಿಡದ ನೀಲಿ ಹಿಡಿಸಲು ನೀಲಗಾರರು ನೆಚ್ಚಿಕೊಂಡಿದ್ದು ಬೇಲಿಸಾಲಿನಲ್ಲೂ ಬೀಳಿನಲ್ಲೂ ತಾನಾಗಿ ಹುಟ್ಟುವ, ಬೇಕೆಂದಲ್ಲಿ ಬಿತ್ತಿಯೂ ಬೆಳೆಯುತ್ತಿದ್ದ ನೀಲಿ ಗಿಡವನ್ನು.

ಗಿಡ ನೋಡಿದರೆ ಬಣ್ಣದ ಸುಳಿವೇ ಸಿಗದು. ಸೊಂಟದೆತ್ತರ, ಕಡ್ಡಿಯ ಎರಡೂ ಬದಿಗೆ ಸಣ್ಣೆಲೆ, ನಸುಗೆಂಪು ಹೂ, ಬಾಗಿದ ಪುಟ್ಟ ಕಾಯಿ. ಹುರುಳಿ, ಅವರೆಗಳ ಬಳಗ. ಕಾವಲುಗಳಲ್ಲಿ ಇದರ ದಾಯಾದಿಗಳು ನೆಲಕ್ಕಂಟಿ ಹಬ್ಬುವುದುಂಟು; ಬಣ್ಣಕ್ಕೆ ಹೆಸರಾದದ್ದು ಮಾತ್ರ ಈ ಎತ್ತರದ ಗಿಡ.

ಹೂ ಬಿಡುವ ಹೊತ್ತಿಗೆ ಕೊಯ್ದ ಸೊಪ್ಪನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡುತ್ತಾರೆ. ಹುಳಿತು ನೀರು ಹಳದಿ ಮಿಶ್ರಿತ ಹಸಿರಾಗುತ್ತದೆ, ನಾತವೂ ಹೊಡೆಯುತ್ತದೆ. ಸೊಪ್ಪು ತೆಗೆದು ಆ ನೀರನ್ನು ಬಡಿಯಬೇಕು, ತೋಳು ಸೋಲುವವರೆಗೆ. ಗಾಳಿ ಸೇರಿದಂತೆ ನೊರೆ ನೀಲಿಗೆ ತಿರುಗಿ ಬಣ್ಣ ತಳಕ್ಕಿಳಿಯುತ್ತದೆ. ಅದನ್ನು ಸೋಸಿ ಬಿಲ್ಲೆ ಮಾಡಿ ಒಣಗಿಸುತ್ತಾರೆ.

ಅಷ್ಟಾದರೂ ಬಿಲ್ಲೆ ನೀರಲ್ಲಿ ಕರಗದು. ಸುಣ್ಣದ ಜೊತೆ ಬೆಲ್ಲವನ್ನೋ ಬೇಯಿಸಿದ ತಗಚೆ ಬೀಜವನ್ನೋ ಹಾಕಿ ಬಾನಿಯಲ್ಲಿ ಮತ್ತೆ ಹುಳಿಯಿಸಬೇಕು. ನೀಲಗಾರನ ಕಸುಬೆಲ್ಲ ಇರುವುದು ಈ ಬಾನಿಯ ಹದದಲ್ಲಿ. ಅದು ಕೆಟ್ಟರೆ ಸೊಪ್ಪು, ದುಡಿಮೆ ಎರಡೂ ನೀರುಪಾಲು. ಅದ್ದಿ ತೆಗೆದ ನೂಲು ಮೊದಲು ಹಸಿರು. ನೋಡನೋಡುತ್ತ ಗಾಳಿಗೆ ನೀಲಿ. ಗಾಢ ಬಣ್ಣ ಬೇಕೆಂದರೆ ಮತ್ತೆ ಮತ್ತೆ ಅದ್ದುವುದೇ ದಾರಿ.

1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಣ್ಣಗಾರರ ಕೆಲಸವನ್ನೂ ಬರೆದಿಟ್ಟ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ತಯಾರಾದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಸೊಪ್ಪಿನ ನೀಲಿಯ ಬೆಲೆ ಬಿತ್ತು. ಚಂಪಾರಣ್ಯದ ನೀಲಿ ಬೆಳೆಗಾರರ ಕಷ್ಟ ಪಠ್ಯಪುಸ್ತಕ ಸೇರಿತು, ನಮ್ಮ ನೀಲಗಾರರು ಕಸುಬು ಬಿಟ್ಟದ್ದನ್ನು ಕೇಳಿದವರು ಕಡಿಮೆ.

ಕಾವಲೂ ಹಳೆಯ ಕಾವಲಾಗಿ ಉಳಿದಿಲ್ಲ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ ಎಂಬ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆ ಮೀಸಲಾದ ಇಂಥ ಹುಲ್ಲುಗಾವಲುಗಳಲ್ಲಿ ಉಳ್ಳಾರ್ತಿಯದೂ ಒಂದು. ಅದರ ದೊಡ್ಡ ಪಾಲು 2010ರ ಆಸುಪಾಸಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಹೋಯಿತು.

ಸಸ್ಯದ ಬಣ್ಣಕ್ಕೆ ಈಗಲೂ ಗಿರಾಕಿಗಳಿದ್ದಾರೆ. ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ ಸಂಸ್ಥೆ ಅಡಕೆ ಚೊಗರಿನಂಥ ಬಣ್ಣಗಳಲ್ಲಿ ಹತ್ತಿಬಟ್ಟೆ ಮಾಡುತ್ತದೆ. ನೀಲಿ ಎಲೆಯ ಪುಡಿ ಮಾತ್ರ ಪೇಟೆಯಲ್ಲಿ ಬೇರೆಯೇ ಕಾರಣಕ್ಕೆ ಬಿಕರಿಯಾಗುತ್ತಿದೆ: ಮೊದಲು ಮದರಂಗಿ, ಆಮೇಲೆ ನೀಲಿ ಹಚ್ಚಿದರೆ ನರೆಗೂದಲು ಕಪ್ಪಾಗುತ್ತದೆ.