180 ಅಂಕಿ, 18 ಜನ

ಪರೀಕ್ಷೆ ಹತ್ತಿರ ಬಂತೆಂದರೆ ಹಾಸ್ಟೆಲ್‌ಗಳಲ್ಲಿ ಒಂದು ವಾದ ತಪ್ಪಿದ್ದಲ್ಲ. 'ಮೂರು ಗಂಟೆ ನಿದ್ದೆ ಸಾಕು, ನನಗೇನೂ ಆಗಲ್ಲ' ಅನ್ನುವವರು ಒಂದು ಕಡೆ, ಬೆಳಿಗ್ಗೆ ಮೊದಲ ಕ್ಲಾಸಿನಲ್ಲೇ ತೂಕಡಿಸುವವರು ಇನ್ನೊಂದು ಕಡೆ. ಬಿ.ಇ. ಓದಿನ ನಡುವೆ ಸಂಖ್ಯಾಶಾಸ್ತ್ರದ ಬೆನ್ನು ಹತ್ತಿದ ಮೇಲೆ, ಇಬ್ಬರ ಮಾತಿನಲ್ಲೂ ಹುರುಳಿರಬಹುದು ಅಂತ ನನಗೆ ಅನ್ನಿಸಿದೆ.

'ಆರ್' ಸಾಫ್ಟ್‌ವೇರಿನ 'ಎಲ್‌ಎಂಇ4' ಪ್ಯಾಕೇಜಿನಲ್ಲಿ 'ಸ್ಲೀಪ್‌ಸ್ಟಡಿ' ಎಂಬ ಪುಟ್ಟ ದತ್ತಾಂಶವಿದೆ. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದ ಭಾಗವದು. ಮೊದಲ ದಿನಗಳ ತಯಾರಿಯ ನಂತರ 18 ಮಂದಿಗೆ ರಾತ್ರಿ ಮೂರೇ ಗಂಟೆ ಮಲಗಲು ಬಿಟ್ಟು, ದಿನವೂ ಅವರ ಪ್ರತಿಕ್ರಿಯೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಹತ್ತು ದಿನ, ಒಟ್ಟು 180 ಅಂಕಿ.

ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಗೆರೆ ಎಳೆದರೆ, ದಿನಕ್ಕೆ ಸರಾಸರಿ 10.5 ಮಿಲಿಸೆಕೆಂಡ್ ನಿಧಾನ ಎಂಬ ಉತ್ತರ ಬರುತ್ತದೆ. ಸ್ಟ್ಯಾಂಡರ್ಡ್ ಎರರ್ 1.24. ತೊಂದರೆ ಇರುವುದು ಈ ಎರಡನೇ ಅಂಕಿಯಲ್ಲಿ. ಒಬ್ಬನನ್ನೇ ಹತ್ತು ಸಲ ಕೇಳಿದರೆ ಅದು ಹತ್ತು ಜನರ ಅಭಿಪ್ರಾಯವಾಗುತ್ತದೆಯೇ? ಇವತ್ತು ಉಳಿದವರಿಗಿಂತ ಚುರುಕಾಗಿದ್ದವನು ನಾಳೆಯೂ ಹಾಗೇ ಇರುವ ಸಾಧ್ಯತೆ ಹೆಚ್ಚು. ಲೆಕ್ಕ ಮಾತ್ರ 180 ಬೇರೆ ಬೇರೆ ಜನರಿದ್ದಾರೆ ಅಂದುಕೊಂಡಿದೆ.

ನ್ಯಾನ್ ಲೈರ್ಡ್ ಮತ್ತು ಜೇಮ್ಸ್ ವೇರ್ 1982ರ ಪ್ರಬಂಧದಲ್ಲಿ ವಿವರಿಸಿದ ದಾರಿ ಬೇರೆ. ಗುಂಪಿಗೊಂದು ಗೆರೆ, ಜೊತೆಗೆ ಪ್ರತಿಯೊಬ್ಬರಿಗೂ ಅವರದೇ ಗೆರೆ. ಈಗ ಇದನ್ನು ಮಿಕ್ಸ್ಡ್ ಮಾಡೆಲ್ ಅನ್ನುತ್ತಾರೆ. ಹೀಗೆ ಮಾಡಿದರೂ ಸರಾಸರಿ ಅದೇ 10.5. ಸ್ಟ್ಯಾಂಡರ್ಡ್ ಎರರ್ ಮಾತ್ರ 1.55ಕ್ಕೆ ಏರುತ್ತದೆ. ಮೊದಲಿನ ಲೆಕ್ಕಕ್ಕೆ ಇರಬಾರದಷ್ಟು ಧೈರ್ಯವಿತ್ತು!

ನನಗೆ ಹೆಚ್ಚು ಹಿಡಿಸಿದ್ದು ಇದರ ಮುಂದಿನ ಭಾಗ. 308ನೇ ಸಂಖ್ಯೆಯ ವ್ಯಕ್ತಿಯ ಅಳತೆಗಳನ್ನಷ್ಟೇ ನೋಡಿದರೆ ಅವರು ದಿನಕ್ಕೆ ಸುಮಾರು 22 ಮಿಲಿಸೆಕೆಂಡ್ ನಿಧಾನವಾಗಿದ್ದಾರೆ. 335ನೇ ವ್ಯಕ್ತಿ ದಿನಕ್ಕೆ ಸುಮಾರು 3ರಷ್ಟು ಚುರುಕಾಗಿದ್ದಾರೆ! ನಿದ್ದೆಗೆಟ್ಟಷ್ಟೂ ಚುರುಕೇ? ಮಾಡೆಲ್ ಅದನ್ನು ಪೂರ್ತಿ ನಂಬುವುದಿಲ್ಲ. ಹತ್ತೇ ಅಳತೆಗಳಲ್ಲವೇ ಎಂದು ಇಬ್ಬರನ್ನೂ ಗುಂಪಿನ ಕಡೆಗೆ ಸ್ವಲ್ಪ ಎಳೆಯುತ್ತದೆ. 308ರ ಅಂದಾಜು 19.7ಕ್ಕೆ ಇಳಿಯುತ್ತದೆ, 335ರದ್ದು ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಲ್ಲುತ್ತದೆ. ಅಂದರೆ 'ನನಗೇನೂ ಆಗಲ್ಲ' ಅನ್ನುವವರು ನಿಜಕ್ಕೂ ಇರಬಹುದು, ಆದರೆ 18 ಜನರಲ್ಲಿ ಅಂಥವರು ತೀರಾ ಅಪರೂಪ.

ಒಂದು ದಿನದ ಅಳತೆ ತಪ್ಪಿಹೋದರೂ ಆ ವ್ಯಕ್ತಿಯನ್ನೇ ಪಟ್ಟಿಯಿಂದ ತೆಗೆದುಹಾಕಬೇಕಿಲ್ಲ ಎನ್ನುವುದು ಇನ್ನೊಂದು ಅನುಕೂಲ. ಔಷಧ ಪ್ರಯೋಗಗಳಲ್ಲಿ ಇದು ದೊಡ್ಡ ಮಾತು. ಡೇಟಾ ಕೆಲಸದ ಸಂದರ್ಶನಕ್ಕೆ ತಯಾರಾಗುತ್ತಿರುವವರು, ಬ್ಯಾಟರಿಗಳನ್ನು ಮತ್ತೆ ಮತ್ತೆ ಚಾರ್ಜ್ ಮಾಡಿ ಅಳೆಯುವ ಪ್ರಾಜೆಕ್ಟ್ ಹಿಡಿದಿರುವವರು ಒಮ್ಮೆ ಮಾಡಿ ನೋಡಿ. 'ಆರ್' ಉಚಿತ, 180 ಸಾಲಿನ ಈ ಲೆಕ್ಕ ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ.