ಫ್ಯಾನ್ ಫಿಕ್ಷನ್ ಎಂದರೆ ಕಥೆ ಕಳವೇ? ಸುದ್ದಿಯಾದರೆ ಅಭಿಮಾನಿಗಳು ಮುನಿಸಿಕೊಳ್ಳುವುದೇಕೆ?

ಧಾರಾವಾಹಿಯ ನಾಯಕಿಗೆ ಅನ್ಯಾಯವಾಯಿತು ಎನಿಸಿದಾಗ ನಮ್ಮಲ್ಲಿ ಹೆಚ್ಚಿನವರು "ಹೀಗಾಗಬಾರದಿತ್ತು" ಎಂದು ಗೊಣಗಿ ಸುಮ್ಮನಾಗುತ್ತೇವೆ. ಕೆಲವರು ಮಾತ್ರ ಹೇಗಾಗಬೇಕಿತ್ತು ಎಂಬುದನ್ನು ಕಥೆಯಾಗಿ ಬರೆಯುತ್ತಾರೆ. ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆದು, ಸಾಮಾನ್ಯವಾಗಿ ಹಣ ಪಡೆಯದೆ ಹಂಚಿಕೊಳ್ಳುವ ಇಂಥ ಬರಹವೇ ಫ್ಯಾನ್ ಫಿಕ್ಷನ್. ಇದರ ಬಗ್ಗೆ ಕೇಳಿಬರುವ ಕೆಲವು ಮಾತುಗಳು ಎಷ್ಟು ನಿಜ?

ಇದು ಹೊರದೇಶದ ಹೊಸ ಹುಚ್ಚೇ?

ಹೆಸರು ಹೊಸದು ನಿಜ. ಆದರೆ ಇನ್ನೊಬ್ಬರ ಕಥೆಯನ್ನು ಮುಂದುವರಿಸುವ ಅಭ್ಯಾಸಕ್ಕೆ ಉದಾಹರಣೆ ಹುಡುಕಲು ರೋಣ, ನರಗುಂದ, ಗಜೇಂದ್ರಗಡದ ಓದುಗರು ದೂರ ಹೋಗಬೇಕಿಲ್ಲ. ಗದಗಿನ ವೀರನಾರಾಯಣನ ಭಕ್ತನಾದ ಕುಮಾರವ್ಯಾಸ ಮಹಾಭಾರತವನ್ನು ಕೃಷ್ಣಕಥೆಯಾಗಿಸಿ 10 ಪರ್ವಗಳಲ್ಲಿ ಹೇಳಿ ನಿಲ್ಲಿಸಿದ. ಉಳಿದ ಭಾಗವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರೈಸಿದ. ಆದರೆ ಎರಡೂ ಒಂದೇ ಎನ್ನುವಂತಿಲ್ಲ. ಮಹಾಭಾರತ ಎಲ್ಲರ ಸ್ವತ್ತು. ಇಂದಿನ ಧಾರಾವಾಹಿ, ಕಾದಂಬರಿಗಳಿಗೆ ಹಕ್ಕುದಾರರಿದ್ದಾರೆ.

ಹಾಗಾದರೆ ಇದು ಕಳವೇ?

ಸಾರಾಸಗಟಾಗಿ ಹಾಗೆ ಹೇಳಲಾಗದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಾದಂಬರಿಯಂಥ ಕೃತಿಯ ಹಕ್ಕು ಲೇಖಕರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಅದೇ ಕಾಯ್ದೆ ವಿಮರ್ಶೆಯಂಥ ನ್ಯಾಯಯುತ ಬಳಕೆಗೆ ಅವಕಾಶ ನೀಡುತ್ತದೆ. ತೋಪ್ಪಿಲ್ ಭಾಸಿ ಅವರ ಪ್ರಸಿದ್ಧ ಮಲಯಾಳಂ ನಾಟಕಕ್ಕೆ ಸಿವಿಕ್ ಚಂದ್ರನ್ ಪ್ರತಿನಾಟಕ ಬರೆದಾಗ ವಿಷಯ ಕೇರಳ ಹೈಕೋರ್ಟ್ ತಲುಪಿತು. ಮೂಲದಿಂದ ಎಷ್ಟು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲ ಕೃತಿಗೆ ಅದು ಪೈಪೋಟಿಯಾಗುತ್ತದೆಯೇ ಎಂಬುದನ್ನು ನೋಡಿದ ನ್ಯಾಯಾಲಯ 1996ರಲ್ಲಿ ಪ್ರತಿನಾಟಕದ ಪರವಾಗಿ ನಿಂತಿತು. ಅದು ವಿಮರ್ಶೆಯ ಉದ್ದೇಶದ ನಾಟಕವಾಗಿತ್ತು. ಹಾಗಾಗಿ ಎಲ್ಲ ಫ್ಯಾನ್ ಫಿಕ್ಷನ್‌ಗೂ ಇದೇ ರಕ್ಷಣೆ ಸಿಗುತ್ತದೆ ಎಂದುಕೊಳ್ಳಬೇಡಿ. ಹಣಕ್ಕೆ ಮಾರಿದರೆ ಅಪಾಯ ಹೆಚ್ಚು.

ಪ್ರಚಾರ ಸಿಕ್ಕರೆ ಖುಷಿಪಡಬೇಕಲ್ಲವೇ?

ಯಾವ ಬಗೆಯ ಪ್ರಚಾರ ಎಂಬುದು ಮುಖ್ಯ. 2013ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ 'ಷರ್ಲಾಕ್' ಧಾರಾವಾಹಿಯ ಪ್ರದರ್ಶನದ ನಂತರ, ಅಭಿಮಾನಿಯೊಬ್ಬರ ಕಥೆಯ ತುಣುಕನ್ನು ನಟರಿಂದಲೇ ಓದಿಸಲಾಯಿತು. ಬರೆದವರ ಅನುಮತಿ ಕೇಳಿರಲಿಲ್ಲ. ಸಭೆಯನ್ನು ನಗಿಸಲು ಮಾಡಿದ್ದು ಅಭಿಮಾನಿಗಳಿಗೆ ಅವಮಾನವಾಗಿ ಕಂಡಿತು.

ಹಣದ ವಿಷಯದಲ್ಲೂ ತಕರಾರಿದೆ. 'ಟ್ವೈಲೈಟ್' ಪಾತ್ರಗಳ ಮೇಲೆ ಬರೆದ ಕಥೆಯೇ ಹೆಸರುಗಳನ್ನು ಬದಲಿಸಿಕೊಂಡು 2011ರಲ್ಲಿ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಆಯಿತು. ಮಾಧ್ಯಮಗಳು ಅದರ ಮಾರಾಟವನ್ನು ಸಂಭ್ರಮಿಸಿದವು. ಅಭಿಮಾನಿಗಳಲ್ಲಿ ಕೆಲವರು ಹೆಮ್ಮೆಪಟ್ಟರೆ, ಎಲ್ಲರೂ ಸೇರಿ ಓದಿ, ಪ್ರೋತ್ಸಾಹಿಸಿ ಬೆಳೆಸಿದ ಕಥೆ ಒಬ್ಬರ ಗಳಿಕೆಯಾಯಿತು ಎಂದು ಇನ್ನು ಕೆಲವರು ಬೇಸರಪಟ್ಟರು.

ಗೌರವ ಸಿಕ್ಕಾಗ ಪ್ರತಿಕ್ರಿಯೆಯೂ ಬೇರೆ. ಅಭಿಮಾನಿಗಳೇ ನಡೆಸುವ 'ಆರ್ಕೈವ್ ಆಫ್ ಅವರ್ ಓನ್' ಸಂಗ್ರಹಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂದಾಗ ಅವರು ಅದನ್ನು ತಮ್ಮದೇ ಗೆಲುವೆಂದು ಕುಣಿದಾಡಿದರು.

ಸಾರ್ವಜನಿಕವಾಗಿ ಇಟ್ಟ ಮೇಲೆ ನಾಚಿಕೆ ಏಕೆ?

ಎಲ್ಲರಿಗೂ ಕಾಣುವಂತೆ ಇಟ್ಟ ಮಾತ್ರಕ್ಕೆ ಎಲ್ಲರಿಗೂ ಎಂದು ಬರೆದಂತಲ್ಲ. ಬಹುತೇಕರು ಬರೆಯುವುದು ಗುಪ್ತನಾಮದಲ್ಲಿ, ಅದೇ ಪಾತ್ರಗಳನ್ನು ಪ್ರೀತಿಸುವವರಿಗಾಗಿ. ಪ್ರೀತಿ, ಕಾಮ, ಮನೆಯೊಳಗಿನ ಹಿಂಸೆಯಂಥ ವಿಷಯಗಳನ್ನು ಬೇರೆಡೆ ಹೇಳಿಕೊಳ್ಳಲಾಗದವರೂ ಅಲ್ಲಿದ್ದಾರೆ. ದೊಡ್ಡ ಊರಿನಲ್ಲಿ ನಿಜ ಹೆಸರು ಹೊರಬಿದ್ದರೆ ನಾಲ್ಕು ದಿನದ ಸುದ್ದಿ. ಗಜೇಂದ್ರಗಡದಂಥ ಊರಿನಲ್ಲಿ "ಅದನ್ನ ಬರೆದಾಕಿ ಇಂಥವರ ಮಗಳಂತ" ಎಂಬ ಮಾತು ಸಂತೆಯಿಂದ ಮನೆಗೆ ಬರುತ್ತದೆ. ಕೈಯಲ್ಲಿದ್ದ ಮೊಬೈಲ್ ಹೋಗಬಹುದು, ಕಾಲೇಜೂ ನಿಲ್ಲಬಹುದು.

ಏನು ಮಾಡಬಹುದು?

ಬರೆಯುವವರು ನಿಜ ಹೆಸರು, ಊರು, ಫೋಟೋ ಹಾಕದಿರಿ. ಓದುಗರನ್ನು ಸೀಮಿತಗೊಳಿಸುವ ಸೌಲಭ್ಯವಿದ್ದರೆ ಬಳಸಿಕೊಳ್ಳಿ. ಸುದ್ದಿ ಮಾಡುವವರು ಮೊದಲು ಬರೆದವರ ಒಪ್ಪಿಗೆ ಪಡೆಯಲಿ. ಸ್ಕ್ರೀನ್‌ಶಾಟ್ ಸಿಕ್ಕರೆ ಗ್ರೂಪಿಗೆ ಕಳಿಸುವ ಮೊದಲು ಆ ಹೆಸರಿನ ಹಿಂದೆ ಒಬ್ಬ ವ್ಯಕ್ತಿ ಇದ್ದಾರೆ ಎಂಬುದನ್ನು ನಾವೂ ನೆನಪಿಡೋಣ.